ಮಹನೀಯರನ್ನು ಧಕ್ಕೆಗೆ ಕಟ್ಟುವ ಕಲ್ಯೋಪಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಮ್ಮ ವಾಥೊನಿಸಿ ದ್ವೀಪದ ಧಕ್ಕೆಯ ತುದಿಯಲ್ಲಿ ಕಲ್ಯೋಪಿ ತಲೆಗೆ ವಸ್ತ್ರ ಬಿಗಿದು, ತೊಗಲಿನ ಕೈಗವಸು ತೊಟ್ಟು ನಿಂತಿದ್ದಾರೆ. ರಾಜಧಾನಿಯ ಬಂದರು ಪಿರೇಯಸ್‌ನಿಂದ ಬಂದ ಹಡಗು ಕೊಲ್ಲಿಯ ನಡುವೆ ಲಂಗರು ಬಿಟ್ಟು, ಬೆನ್ನು ತಿರುಗಿಸಿ ಹಿಮ್ಮುಖವಾಗಿ ದಡದತ್ತ ಸರಿಯುತ್ತಿದೆ. ಮೇಲಿನಿಂದ ನಾವಿಕನೊಬ್ಬ ತುದಿಗೆ ಭಾರ ಕಟ್ಟಿದ ತೆಳು ಹಗ್ಗ ಬೀಸಿ ಎಸೆಯುತ್ತಾನೆ. ಕಲ್ಯೋಪಿ ಅದನ್ನು ಹಿಡಿದೆಳೆದಂತೆ, ಅದರ ಬೆನ್ನಿಗೇ ತೋಳಿನ ಗಾತ್ರದ ಹಗ್ಗ ನೀರು ಸುರಿಸುತ್ತ ಮೇಲೆ ಬರುತ್ತದೆ. ಕುಣಿಕೆಯನ್ನು ಕಬ್ಬಿಣದ ಗೂಟಕ್ಕೆ ತೊಡಿಸಿ, ಕೈಯೆತ್ತಿ, ಪಕ್ಕಕ್ಕೆ ನಿಲ್ಲುತ್ತಾರೆ.

"ಇವತ್ತು ಯಾರನ್ನ ಕಟ್ಟಿಹಾಕ್ದೆ ಅಕ್ಕಾ?" ಎಂದು ಕಾಫಿ ಅಂಗಡಿಯ ಝನ್ನೀಸ್ ಕೂಗುತ್ತಾನೆ.

"ಸಾಫೋನ. ನಾಳೆ ಪೈಥಾಗರಸ್ ಬರ್ತಾನೆ, ಅವನದು ಬರೀ ಅವಸರ."

ನಮ್ಮ ಕಡೆಯ ಹಡಗುಗಳಿಗೆಲ್ಲ ಕವಿ, ಗಣಿತಜ್ಞ, ವೈದ್ಯ ಎಂದು ಹಳೆಯ ಗ್ರೀಕ್ ಮಹನೀಯರ ಹೆಸರು. "ನಾನು ಓದಿದ್ದು ಆರನೇ ಕ್ಲಾಸು. ಆದ್ರೆ ಇವರೆಲ್ಲ ನನ್ನ ಕೈಯಿಂದಾನೇ ದಡ ಹತ್ತೋದು" ಎಂದು ಕಲ್ಯೋಪಿ ನಗುತ್ತಾರೆ.

ಮೊದಲು ಈ ಕೆಲಸ ಗಂಡ ಸ್ತ್ರಾತೋಸ್ ಅವರದು. ಒಂದು ಬೆಳಿಗ್ಗೆ ಬಿಗಿದಿದ್ದ ಹಗ್ಗ ಹರಿದು ಚಾಟಿಯಂತೆ ಬಂದು ಅವರ ಮೊಣಕಾಲು ಮುರಿಯಿತು. ಬೇರೆ ಯಾರೂ ಮುಂದೆ ಬರಲಿಲ್ಲ. ಅವರ ಕಾಲು ಕೂಡುವವರೆಗೆ ಎಂದು ಕಲ್ಯೋಪಿ ಕೈಗವಸು ತೊಟ್ಟರು. ಕಾಲು ಕೂಡಲೇ ಇಲ್ಲ.

ಮೊದಮೊದಲು ನಾವಿಕರು, "ಗಂಡಸ್ರು ಯಾರೂ ಇಲ್ವೇನಮ್ಮಾ?" ಎಂದು ಮೇಲಿನಿಂದ ಕೇಳುತ್ತಿದ್ದರು. "ಇದಾರೆ, ಕಾಫಿ ಕುಡೀತಿದಾರೆ. ನೀನು ಹಗ್ಗ ಎಸಿ!" ಎನ್ನುತ್ತಿದ್ದರು ಇವರು. ಕಾಫಿ ಕುಡಿಯುತ್ತಿದ್ದವರಿಗೆ ಆ ಮಾತು ಹಿಡಿಸುತ್ತಿರಲಿಲ್ಲ.

ಆಮೇಲೆ ಒಂದು ಚಳಿಗಾಲ ಬಂತು. ತೆಂಕಣ ಗಾಳಿ ಎದ್ದು ದಿನಗಟ್ಟಲೆ ಹಡಗಿಲ್ಲ. ಬೇಕರಿಯ ಸೊಸೆ ಮೊಸ್ಕೂಲಾಗೆ ಹೆರಿಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿದೆ, ಪಕ್ಕದ ದೊಡ್ಡ ದ್ವೀಪ ಸೀರೋಸ್‌ನ ಆಸ್ಪತ್ರೆಗೆ ಹೋಗಲೇಬೇಕು ಎಂದರು ಡಾಕ್ಟರು. ಆ ಗಾಳಿಯಲ್ಲಿ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ಕೊನೆಗೆ ನಡುಹಗಲಲ್ಲಿ ಹಡಗೊಂದು ಕೊಲ್ಲಿಗೆ ನುಗ್ಗಿತು. ಅದರ ಹೆಸರು ಹಿಪೊಕ್ರಟೀಸ್, ವೈದ್ಯರ ಪಿತಾಮಹನದು. ಹೆಸರು ನೋಡಿ ಧೈರ್ಯ ತಂದುಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಎಸೆದ ಹಗ್ಗವನ್ನು ಗಾಳಿ ಎತ್ತಿಕೊಂಡು ಹೋಯಿತು. ಮತ್ತೆ ಎಸೆದರು, ಮತ್ತೆ ನೀರಿಗೆ ಬಿತ್ತು. ಹಡಗು ಬಂಡೆಯತ್ತ ವಾಲತೊಡಗಿದಾಗ ಕ್ಯಾಪ್ಟನ್ ಹಿಂದಿರುಗುವ ಸೀಟಿ ಊದಿದರು. ಕಲ್ಯೋಪಿ ಸೊಂಟಕ್ಕೊಂದು ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಗೂಟಕ್ಕೆ ಕಟ್ಟಿ, ಅಲೆ ಒಡೆಯುವ ಅಂಚಿಗೇ ನಡೆದರು.

"ಹುಚ್ಚು ಹಿಡೀತೇನೇ? ವಾಪಸ್ ಬಾ!" ಎಂದು ಸ್ತ್ರಾತೋಸ್ ಊರುಗೋಲಿನ ಮೇಲೆ ನಿಂತು ಅರಚಿದರು.

"ಇನ್ನೊಂದು ಸಲ!" ಎಂದು ಕಲ್ಯೋಪಿ ಹಡಗಿನತ್ತ ಎರಡೂ ಕೈ ಬೀಸಿದರು.

ಹಗ್ಗದ ತುದಿಯ ಭಾರ ನೇರ ಎದೆಗೆ ಬಡಿಯಿತು. ಅವರು ಅದನ್ನು ತಬ್ಬಿಕೊಂಡೇ ಬಿದ್ದರು, ಬಿಡಲಿಲ್ಲ. ಝನ್ನೀಸ್ ಮೊದಲು ಓಡಿಬಂದ. ಹಿಂದೆಯೇ ಕಾಫಿ ಅಂಗಡಿಗೆ ಅಂಗಡಿಯೇ ಬಂತು. ಎಲ್ಲರೂ ಸಾಲಾಗಿ ಎಳೆದರು. ಹಡಗಿನ ಬಾಗಿಲು ಧಕ್ಕೆಗೆ ತಾಗಿದ ಕ್ಷಣದಲ್ಲೇ ಮೊಸ್ಕೂಲಾಳನ್ನು ಮಂಚದ ಸಮೇತ ಒಳಗೆ ಸಾಗಿಸಿದರು. ಕಲ್ಯೋಪಿ ಕುಣಿಕೆ ಕಳಚಿದರು, ಹಡಗು ಹೋಯಿತು.

ಸಂಜೆ ಫೋನ್ ಬಂತು. ಹೆಣ್ಣುಮಗು, ಇಬ್ಬರೂ ಕ್ಷೇಮ. ಕಲ್ಯೋಪಿಯ ಪಕ್ಕೆಲುಬು ಮುರಿದದ್ದು ಆಮೇಲೆ ಗೊತ್ತಾಯಿತು.

ಮಗುವಿಗೆ ನಿಮ್ಮ ಹೆಸರಿಟ್ಟರೇ ಎಂದು ಕೇಳುತ್ತೇನೆ. "ಇಲ್ಲಪ್ಪ, ಅಜ್ಜಿ ಹೆಸರೇ ಇಟ್ರು. ಸರೀನೇ ಅಲ್ವಾ? ನನ್ನಿಂದ ಅವರ ಮನೇಲಿ ಜಗಳ ಯಾಕೆ!" ಎನ್ನುತ್ತಾರೆ, ಗವಸನ್ನು ಬಿಸಿಲಿಗೆ ಹರವುತ್ತ.

ಆಸೆ ಏನಾದರೂ ಇದೆಯೇ? ಧಕ್ಕೆಯಲ್ಲಿ ಗಾಳಿಗೆ ಮರೆಯಾಗಿ ಒಂದು ಮೋಟುಗೋಡೆ ಬೇಕಂತೆ, ಕಾಯುವ ಮುದುಕರಿಗಾಗಿ. ಅಷ್ಟು ಹೇಳಿ ಗವಸನ್ನು ಮಗುಚಿ ಹಾಕುತ್ತಾರೆ.

"ಮೊದ್ಲೆಲ್ಲ ನಾನು ಹಗ್ಗ ಹಾಕಿದ್ಮೇಲೆ ಕ್ಯಾಪ್ಟನ್ ಮೇಲಿಂದ ಬಗ್ಗಿ ನೋಡ್ತಿದ್ರು, ಕುಣಿಕೆ ಸರಿಯಾಗಿ ಕೂತಿದ್ಯಾ ಅಂತ. ಈಗ ಯಾರೂ ನೋಡಲ್ಲ."