ಎಷ್ಟಾತು ಅಂತ ಯಾರೂ ಕೇಳಲಿಲ್ಲ

ಗಿರಣಿಯವನನ್ನು ಎಲ್ಲರೂ ಕೇಳುತ್ತಿದ್ದರು. ಖಾರದ ಪುಡಿ ಡಬ್ಬಿಗೆ ಬಿದ್ದ ಕೂಡಲೇ, ಮೂಗಿಗೆ ಸೆರಗು ಹಿಡಿದುಕೊಂಡೇ, "ಎಷ್ಟಾತು?" ಅನ್ನುತ್ತಿದ್ದರು. ಅವನು ಹೇಳುತ್ತಿದ್ದ. ಎಂಟಾಣೆ ಬಿಡು ಎಂದು ಜಗ್ಗಾಡಿ ಕೊಡುತ್ತಿದ್ದರು. ಪಕ್ಕದಲ್ಲೇ ನಾನು ನಿಂತಿರುತ್ತಿದ್ದೆ. ಎರಡು ದಿನ ಅವರ ಅಡುಗೆಮನೆಯಲ್ಲಿ ಕೂತು, ತೊಟ್ಟು ಬಿಡಿಸಿ, ಮಸಾಲೆ ಹುರಿದು, ಹದ ಹಾಕಿ ಕೊಟ್ಟವಳು ನಾನು. ಗಿರಣಿಯ ಗುಂಡಿ ಒತ್ತಿದವನಿಗೆ ಕೂಲಿ, ನನಗೆ ಇಲ್ಲ. ರಾಣೆಬೆನ್ನೂರಿನಲ್ಲಿ ನನ್ನ ಏಳು ಬೇಸಿಗೆ ಹೀಗೇ ಕಳೆದವು. ಈಗ ನೆನೆದರೂ ಮೈ ಉರಿಯುತ್ತದೆ.

ನನ್ನ ತವರು ಬ್ಯಾಡಗಿ. ಅಪ್ಪ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗುತ್ತಿದ್ದ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು, ಅನ್ನದಿದ್ದರೆ ಅದು ಇನ್ನೂ ಹಸಿ ಎಂದು ಕಲಿಸಿದವನು ಅವನೇ. ಬ್ಯಾಡಗಿ ಕಾಯಿ ಬಣ್ಣಕ್ಕೆ, ಗುಂಟೂರು ಕಾಯಿ ಖಾರಕ್ಕೆ. ಎಷ್ಟಕ್ಕೆ ಎಷ್ಟು ಬೆರೆಸಬೇಕು, ಕೊತ್ತಂಬರಿ ಬೀಜ ಎಲ್ಲಿಯವರೆಗೆ ಹುರಿಯಬೇಕು, ಬಳ್ಳೊಳ್ಳಿ ಯಾವಾಗ ಸೇರಿಸಬೇಕು, ಇದೆಲ್ಲ ಅವ್ವನ ಕೈಯಿಂದ ಬಂತು. ಮದುವೆಯಾದ ಮೊದಲ ಬೇಸಿಗೆಯಲ್ಲಿ ಅತ್ತೆಯ ಮನೆಗೆ ವರ್ಷದ ಮಸಾಲೆ ಖಾರ ಮಾಡಿದೆ. ಪಕ್ಕದ ಮನೆಯವರು ರುಚಿಗೆಂದು ಒಂದು ವಾಟಗ ತುಂಬ ಇಸಿದುಕೊಂಡು ಹೋದರು. ಆ ಬೇಸಿಗೆ ಮುಗಿಯುವುದರೊಳಗೆ ಓಣಿಯೆಲ್ಲ ನನ್ನನ್ನೇ ಕರೆಯತೊಡಗಿತು.

ಕೆಲಸ ಮುಗಿದ ಮೇಲೆ ಏನಾಗುತ್ತಿತ್ತೆಂದರೆ, ನನ್ನನ್ನು ಮಣೆಯ ಮೇಲೆ ಕೂರಿಸಿ, ಅರಿಶಿಣ ಕುಂಕುಮ ಹಚ್ಚಿ, ಉಡಿಗೆ ಅಕ್ಕಿ, ತೆಂಗಿನಕಾಯಿ, ಒಂದು ಕುಪ್ಪಸದ ಖಣ ಹಾಕುತ್ತಿದ್ದರು. "ನೀ ನಮ್ಮ ಮನಿ ಮಗಳಿದ್ದಂಗ" ಎಂಬ ಮಾತು ಬೇರೆ. ಆ ಖಣಗಳೋ, ತೊಳೆದರೆ ಬಣ್ಣ ಬಿಡುವಂಥವು, ಹೊಲಿಸಿದರೆ ತೋಳಿಗೆ ಸಾಲದಂಥವು. ಯಾರೂ ಅವನ್ನು ಹೊಲಿಸುವುದಿಲ್ಲ. ಈ ಮನೆಯ ಉಡಿಯಿಂದ ಆ ಮನೆಯ ಉಡಿಗೆ ದಾಟಿಸುತ್ತಾರೆ. ನನ್ನ ಟ್ರಂಕು ಅವುಗಳಿಂದಲೇ ತುಂಬಿ ಮುಚ್ಚಳ ಹಾಕಲು ಬರುತ್ತಿರಲಿಲ್ಲ.

ಗಂಡ ಕುಮಾರಪಟ್ಟಣದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದ. ಅವನ ಮುಂದೆ ಗೊಣಗಿದರೆ, "ನಾಕು ಮನಿಗೆ ಬೇಕಾದಾಕಿ ಅನಿಸ್ಕೊಂಡೀದಿ, ಸಾಕಲ್ಲ" ಎಂದ. ಕಾರ್ಖಾನೆಯವರು ಅವನಿಗೂ ತಿಂಗಳ ಕೊನೆಗೆ ಒಂದು ಖಣ ಕೊಟ್ಟು ಕಳಿಸಿದ್ದರೆ ಏನೆನ್ನುತ್ತಿದ್ದನೋ ನೋಡಬೇಕಿತ್ತು.

ಏಳನೆಯ ಬೇಸಿಗೆಯಲ್ಲಿ ನಮ್ಮ ಓಣಿಯ ವಕೀಲರ ಮನೆಯಲ್ಲಿ ಮಗಳ ಮದುವೆ. ಹತ್ತು ಕಿಲೋ ಖಾರ, ಮೂರು ದಿನದ ಕೆಲಸ. ಕಣ್ಣು ಊದಿಕೊಂಡು, ಕೈ ಉರಿದು, ರಾತ್ರಿ ಮಜ್ಜಿಗೆಯಲ್ಲಿ ಬೆರಳು ಅದ್ದಿಕೊಂಡು ಮಲಗಿದೆ. ಕೊನೆಯ ದಿನ ವಕೀಲರ ಹೆಂಡತಿ ಉಡಿ ತುಂಬಿದರು. ಗಿಣಿ ಹಸಿರಿನ ಖಣ, ಮೂಲೆಯಲ್ಲಿ ಇಸ್ತ್ರಿ ಸುಟ್ಟ ಕಲೆ. ಹಿಂದಿನ ವರ್ಷ ನಮ್ಮ ಮನೆಯ ಅರಿಶಿಣ ಕುಂಕುಮಕ್ಕೆ ಬಂದಾಗ ನಾನೇ ಅವರಿಗೆ ಕೊಟ್ಟ ಖಣ ಅದು! ಸುಟ್ಟ ಖಣ ಕೊಟ್ಟವಳು ನೀನೇ ಅಲ್ಲವೇ ಎಂದು ಯಾರಾದರೂ ಕೇಳಿದರೆ, ಹೌದು, ನನಗೂ ಅದು ಯಾರದೋ ಮನೆಯಿಂದ ಬಂದಿತ್ತು, ಕಲೆ ಒಳಗೆ ಹೋಗುವಂತೆ ಮಡಿಚಿ ಸಾಗಹಾಕಿದ್ದೆ. ಆದರೆ ನಾನು ಅದನ್ನು ಮೂರು ದಿನದ ದುಡಿಮೆಗೆ ಕೊಟ್ಟಿರಲಿಲ್ಲ.

ಮಣೆಯ ಮೇಲೆ ಕೂತೇ ಬಾಯಿಬಿಟ್ಟೆ. "ಅಕ್ಕಾರ, ಮುಂದಿನ ವರ್ಷದಿಂದ ಕಿಲೋಕ್ಕ ನಾಕು ರೂಪಾಯಿ ತಗೋತೇನ್ರಿ."

ಅವರ ಕೈಯಲ್ಲಿನ ಕುಂಕುಮದ ಭರಣಿ ಅಲ್ಲೇ ನಿಂತಿತು. "ಮನಿ ಮಗಳು ಅಂತ ಕರದರ ರೊಕ್ಕ ಕೇಳ್ತಿ? ನೀ ಏನ್ ಕೂಲಿಯಾಕಿ ಏನ?"

"ಕೂಲಿಯಾಕಿ ಆಗಿದ್ರ ಮೊದಲನೇ ದಿನಾನ ಕೊಡ್ತಿದ್ರಿ" ಎಂದು ಎದ್ದು ಬಂದೆ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ತಲೆಗೆ ಕೈ ಹಚ್ಚಿ ಕೂತಿದ್ದರು. "ಮಂದಿ ಮುಂದ ನಮ್ಮ ಮಾನ ಕಳದಿ." ಅವರ ಮಾನ ನನ್ನ ಬಿಟ್ಟಿ ದುಡಿಮೆಯಲ್ಲಿತ್ತು ಎಂಬುದು ಅವತ್ತು ತಿಳಿಯಿತು. ಇನ್ನು ಯಾರ ಮನೆಯ ಹೊಸ್ತಿಲೂ ತುಳಿಯುವುದಿಲ್ಲ, ನಮ್ಮ ಹಿತ್ತಿಲಲ್ಲೇ ಮಾಡುತ್ತೇನೆ, ಬೇಕಾದವರು ಬಂದು ಕೊಳ್ಳಲಿ ಎಂದುಬಿಟ್ಟೆ.

ಮುಂದಿನ ಸುಗ್ಗಿಗೆ ಚೀಟಿ ಎತ್ತಿ ಬ್ಯಾಡಗಿ ಬಸ್ಸು ಹತ್ತಿದೆ. ಅಡತಿ ಅಂಗಡಿಯವನು ನನ್ನ ಹಿಂದೆ ಮುಂದೆ ನೋಡಿ, "ಯಜಮಾನ್ರು ಬಂದಿಲ್ಲೇನವಾ?" ಎಂದ. ಯಜಮಾನರು ಮೆಣಸಿನಕಾಯಿ ಕಂಡವರೇ ಅಲ್ಲ. ನಾನು ತೋಳಿನವರೆಗೆ ಚೀಲದಲ್ಲಿ ಕೈ ತೂರಿಸಿ ತಳದ ಕಾಯಿ ಎತ್ತಿ, ಅವನ ಕಿವಿಯ ಹತ್ತಿರವೇ ಅಲ್ಲಾಡಿಸಿದೆ. ಸದ್ದಿಲ್ಲ. "ನೀರ ಕುಡದಾವ್ರಿ ಇವು" ಎಂದೆ. ಅವನು ಬೇರೆ ಚೀಲದ ಬಾಯಿ ಬಿಚ್ಚಿದ.

ಖಾರವೇನೋ ತಯಾರಾಯಿತು. ಪ್ಲಾಸ್ಟಿಕ್ ಪಾಕೀಟು ತೀರ ಬೋಳು ಕಂಡಿತು. ಅವತ್ತು ಟ್ರಂಕು ತೆಗೆದೆ. ಏಳು ವರ್ಷದ ಖಣಗಳನ್ನು ನೆಲಕ್ಕೆ ಸುರಿದು ಕತ್ತರಿ ಹಿಡಿದೆ. ಒಂದೊಂದು ಖಣಕ್ಕೆ ಎರಡೆರಡು ಚೀಲ.

ಅತ್ತೆ ಓಡಿ ಬಂದರು. "ಉಡಿಗೆ ಬಿದ್ದ ಖಣಕ್ಕ ಕತ್ತರಿ ಹಾಕ್ತಿ? ಅದನ್ನ ಮಾರಬಾರದವ್ವಾ!"

"ಮಾರೂದು ಖಾರ ರೀ ಅತ್ತಿ. ಚೀಲ ಬಿಟ್ಟಿ."

ಇಡೀ ದಿನ ನನ್ನ ಜೊತೆ ಮಾತಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಕನ್ನಡಕ ಏರಿಸಿಕೊಂಡು ಚೀಲಗಳಿಗೆ ಲಾಡಿ ಪೋಣಿಸುತ್ತಿದ್ದರು.

ಕಾರ್ಖಾನೆಯ ಕ್ವಾರ್ಟರ್ಸಿನ ಹೆಂಗಸರು ಮೊದಲು ಕೊಂಡರು. ಅವರಿಗೆ ನಾನು ಯಾರ ಮನೆಯ ಮಗಳೂ ಆಗಿರಲಿಲ್ಲ. ಹಾವೇರಿಯ ಒಂದು ಕಿರಾಣಿ ಅಂಗಡಿಯವರೂ ತರಿಸಿಕೊಳ್ಳತೊಡಗಿದರು. ಓಣಿಯವರು ಮಾತ್ರ ಒಬ್ಬರೂ ಬರಲಿಲ್ಲ. ವಕೀಲರ ಹೆಂಡತಿ ಆ ವರ್ಷ ತಾವೇ ಖಾರ ಮಾಡಿದರು. ಹಸಿ ಕಾಯಿ ಇತ್ತೇನೋ, ಮಳೆಗಾಲ ಮುಗಿಯುವುದರೊಳಗೆ ಹುಳ ಬಿತ್ತು ಎಂದು ಸುದ್ದಿ. ಗಿಣಿ ಹಸಿರಿನ ಒಂದು ಚೀಲವನ್ನು ನಾನು ಯಾರಿಗೂ ಕೊಡದೆ ತುಂಬಿ ಇಟ್ಟಿದ್ದೆ.

ದಸರೆಯ ಹೊತ್ತಿಗೆ ವಕೀಲರ ಹೆಂಡತಿ ಬಂದರು. ಕಟ್ಟೆಯ ಮೇಲೆ ಕೂತು ಅದೂ ಇದೂ ಮಾತಾಡಿ, ಕೊನೆಗೆ, "ಎರಡು ಕಿಲೋ ಖಾರ ಐತೇನ?" ಎಂದರು. ಚೀಲ ತಂದು ಕೈಗಿತ್ತೆ. ತಿರುಗಿಸಿ ನೋಡಿದರು. ಸುಟ್ಟ ಕಲೆಯ ಮೇಲೆ ಹೆಬ್ಬೆರಳು ನಿಂತಿತು.

"ಇದು ನಮ್ಮನಿ ಖಣ ಅಲ್ಲೇನ?"

"ಹೌದ್ರಿ ಅಕ್ಕಾರ. ಚೀಲಕ್ಕ ನಾ ರೊಕ್ಕ ಹಿಡ್ಯಂಗಿಲ್ಲ."

ಮನೆಗೆ ಬಂದ ಮುತ್ತೈದೆಗೆ ಕುಂಕುಮ ಕೊಡಬೇಕೆಂದು ಅತ್ತೆ ಭರಣಿ ಹಿಡಿದು ಹೊಸ್ತಿಲಿಗೆ ಬಂದರು. "ತಡೀರಿ ಅತ್ತಿ," ಎಂದೆ, "ಮೊದಲ ಇದು ಮುಗೀಲಿ." ವಕೀಲರ ಹೆಂಡತಿ ಆಗ ಎದ್ದು ಹೋಗಿದ್ದರೆ ಓಣಿ ಇಡೀ ಅವರ ಹಿಂದೆಯೇ ಹೋಗುತ್ತಿತ್ತು.

ಅವರು ಸೊಂಟದ ಚಂಚಿ ಬಿಚ್ಚಿದರು.

"ಎಷ್ಟಾತು?"

ಹೇಳಿದೆ.

"ಎಂಟಾಣೆ ಬಿಡು."

ಗಿರಣಿಯವನಿಗೆ ಹೇಳುತ್ತಿದ್ದ ಅದೇ ಮಾತು, ಅದೇ ದನಿ. "ಬಿಡಾಂಗಿಲ್ರಿ" ಎಂದೆ. ಎಂಟಾಣೆಯೂ ಸೇರಿ ಪೂರ್ತಿ ರೊಕ್ಕ ನನ್ನ ಅಂಗೈಗೆ ಬಿದ್ದ ಮೇಲೆ, ಅತ್ತೆ ಅವರಿಗೆ ಕುಂಕುಮ ಕೊಟ್ಟರು.