ಆರು ಮಕ್ಕಳ ಸರಾಸರಿ

"ಅಮ್ಮಾ, ಶುಕ್ರವಾರ ಬಂತು ಅಂದ್ರೆ ಉರಕಾವಾ ಮೇಷ್ಟ್ರು ಶಿಯೋರಿ ಅಕ್ಕನ ಮನೆ ಮೆಟ್ಟಿಲ ಮೇಲೆ ಕೂತಿರ್ತಾರಲ್ಲ, ಯಾಕೆ?"

ಎರಡನೆಯ ತರಗತಿಯ ಕೊಹಾರು ಬೆನ್ನಿಗೆ ಚೀಲ ಏರಿಸಿಕೊಳ್ಳುತ್ತ ಕೇಳಿದಳು. ಇಜುಮಿ ಮಗಳ ಹಳದಿ ಟೋಪಿಯ ದಾರವನ್ನು ಗಲ್ಲದ ಕೆಳಗೆ ಸರಿಪಡಿಸುತ್ತಿದ್ದಳು.

"ಕಳೆ ಕೀಳ್ತಾರೆ."

"ನಮ್ಮನೆ ಮುಂದೆ ಅದಕ್ಕಿಂತ ಜಾಸ್ತಿ ಕಳೆ ಇದೆ. ಇಲ್ಲಿಗ್ಯಾಕೆ ಬರಲ್ಲ?"

"ನಿಮ್ಮಪ್ಪನಿಗೆ ಹೇಳು, ಕೀಳ್ತಾರೆ. ಹೋಗು, ಮಕ್ಕಳೆಲ್ಲ ಹೊರಟುಬಿಡ್ತಾರೆ."

ಮಗಳು ಓಡಿದಳು. ಇಜುಮಿ ಬಟ್ಟೆಯ ಬುಟ್ಟಿ ಎತ್ತಿಕೊಂಡು ಅಂಗಳಕ್ಕೆ ಬಂದಾಗ, ಬಿದಿರು ಬೇಲಿಯ ಆಚೆ ಮೇಷ್ಟ್ರು ಕೂತೇ ಇದ್ದರು. ಕೈಯಲ್ಲಿ ಒಂದು ಹಿಡಿ ಹುಲ್ಲು. ಅವರ ಬೆನ್ನ ಹಿಂದಿನ ಜಾರುಬಾಗಿಲು ಎಂದಿನಂತೆ ಮುಚ್ಚಿತ್ತು.

ಉರಕಾವಾ ಆ ದ್ವೀಪದ ಶಾಲೆಯ ಉಪಮುಖ್ಯೋಪಾಧ್ಯಾಯರು. ಹಡಗಿನಿಂದ ಬಂದಿಳಿದ ಮೊದಲ ವಾರ ಊರಿನವರು ಅವರನ್ನು ಹೊಸ ಜವಾನ ಎಂದುಕೊಂಡಿದ್ದರು. ಊರಿನವರದ್ದು ತಪ್ಪೆನ್ನುವಂತಿಲ್ಲ. ಬೆಳಗ್ಗೆ ಗೇಟು ತೆಗೆಯುವವರು ಅವರು, ಯಂತ್ರವನ್ನು ಹೆಗಲಿಗೇರಿಸಿ ಮೈದಾನದ ಹುಲ್ಲು ಕತ್ತರಿಸುವವರು ಅವರು, ಮೊಲದ ಗೂಡು ತೊಳೆಯುವವರು, ಉಯ್ಯಾಲೆಯ ಸರಪಳಿಗೆ ಎಣ್ಣೆ ಬಿಡುವವರು, ಫೋನು ಎತ್ತುವವರು, ಸಂಜೆ ಬೀಗ ಹಾಕುವವರೂ ಅವರೇ. ಸಣ್ಣ ಶಾಲೆಯಲ್ಲಿ ಆ ಕುರ್ಚಿಗೆ ಬಂದವರಿಗೆ ಕೂರಲು ಪುರುಸೊತ್ತು ಇರುವುದಿಲ್ಲ.

ಅವರು ನಾಗಾಸಾಕಿಯ ಏರುಬೀದಿಯೊಂದರಲ್ಲಿ ತೋಫು ಮಾಡಿ ಮಾರುವವರ ಮಗ. ಸೋಯಾ ಬೇಯುವ ಹಬೆಯಲ್ಲಿ ಕೂತು ಓದಿ ಮೇಷ್ಟ್ರಾದವರು. ಅಪ್ಪನಿಗೆ ಅದು ಕೊನೆಯವರೆಗೂ ಪೂರ್ತಿ ಒಪ್ಪಿಗೆಯಾಗಲಿಲ್ಲವಂತೆ. "ತೋಫು ಆದ್ರೆ ಸಂಜೆಗೇ ಗೊತ್ತಾಗುತ್ತೆ ಚೆನ್ನಾಗಿ ಬಂತೋ ಇಲ್ವೋ ಅಂತ. ನಿಂದು ಯಾವಾಗ ಗೊತ್ತಾಗುತ್ತೆ?" ಎಂದು ಕೇಳುತ್ತಿದ್ದರಂತೆ. ಉರಕಾವಾ ಅವರ ಹೆಂಡತಿ ನಾಗಾಸಾಕಿಯಲ್ಲೇ ಆಸ್ಪತ್ರೆಯಲ್ಲಿ ದಾದಿ. ಗಂಡನ ಜೊತೆ ದ್ವೀಪಕ್ಕೆ ಬರುವಂತಿರಲಿಲ್ಲ. ಹಾಗಾಗಿ ಇಲ್ಲಿ ಶಾಲೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಇವರೊಬ್ಬರೇ. ಸಮುದ್ರ ಒಪ್ಪಿದರೆ ತಿಂಗಳಿಗೊಮ್ಮೆ ಊರಿಗೆ ಹೋಗಿಬರುತ್ತಿದ್ದರು.

ಇಲ್ಲಿಗೆ ಬರುವ ಮೊದಲು ಪಟ್ಟಣದ ದೊಡ್ಡ ಶಾಲೆಯೊಂದರಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಪ್ರತಿವರ್ಷ ವಸಂತದಲ್ಲಿ ಇಡೀ ದೇಶದ ಆರನೆಯ ತರಗತಿಯ ಮಕ್ಕಳು ಒಂದೇ ದಿನ ಬರೆಯುವ ಪರೀಕ್ಷೆಯಲ್ಲಿ ಆ ಶಾಲೆ ಸದಾ ತಳದಲ್ಲಿರುತ್ತಿತ್ತು. ಉರಕಾವಾ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು ವಾರಕ್ಕೊಂದರಂತೆ ಮಕ್ಕಳಿಂದ ಬರೆಸಿದರು. ತರಗತಿಯ ಸರಾಸರಿಯನ್ನು ಪಡಸಾಲೆಯ ಗೋಡೆಯ ಮೇಲೆ ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ತೋರಿಸಿದರು. ಗೆರೆ ಮೇಲೇರುವುದನ್ನು ನೋಡುವುದು ಮಕ್ಕಳಿಗೆ ಆಟವಾಯಿತು, ಓದು ಹಗುರವಾಯಿತು. ಮೂರು ವರ್ಷಕ್ಕೆ ಶಾಲೆ ಮುಂಚೂಣಿಗೆ ಬಂತು. ಅದೇ ಹೆಸರಿನ ಮೇಲೆ ಬಡ್ತಿ ಸಿಕ್ಕಿತು, ಬಡ್ತಿಯ ಜೊತೆ ದ್ವೀಪವೂ ಸಿಕ್ಕಿತು. ಇಲ್ಲಿ ಮೂರು ವರ್ಷ ಚೆನ್ನಾಗಿ ಕಳೆದರೆ ಮುಂದಿನ ವಸಂತಕ್ಕೆ ಹೆಂಡತಿಯಿರುವ ಊರಿಗೆ ಮುಖ್ಯೋಪಾಧ್ಯಾಯರಾಗಿ ಹೋಗಬಹುದೆಂದು ಎಲ್ಲರೂ ಹೇಳುತ್ತಿದ್ದರು. ಇದು ಮೂರನೆಯ ವರ್ಷ.

ದ್ವೀಪದ ಶಾಲೆಯ ಗೋಡೆಗೂ ಅವರು ಅದೇ ಹಾಳೆ ಅಂಟಿಸಿದರು. ಜಿಲ್ಲೆಯ ಸರಾಸರಿ ಅರವತ್ತೈದಕ್ಕೆ ಒಂದು ಕೆಂಪು ಗೆರೆ, ಅದರ ಕೆಳಗೆ ತರಗತಿಯ ನೀಲಿ ಗೆರೆ. ಪಟ್ಟಣದ ತರಗತಿಯಲ್ಲಿ ಮೂವತ್ತೈದು ಮಕ್ಕಳಿದ್ದರು. ಇಲ್ಲಿ ಆರು.

ಮೂವತ್ತೈದು ಮಕ್ಕಳ ಸರಾಸರಿಯಲ್ಲಿ ಯಾರ ಅಂಕ ಎಷ್ಟೆಂದು ಯಾರಿಗೂ ತಿಳಿಯುವುದಿಲ್ಲ. ಆರು ಮಕ್ಕಳದ್ದಾದರೆ ಊಟದ ಬಿಡುವಿನಲ್ಲೇ ತಿಳಿಯುತ್ತದೆ. ಸರಾಸರಿ ತೆಗೆಯುವುದನ್ನು ಅವರಿಗೆ ಕಲಿಸಿದ್ದು ಉರಕಾವಾ ಅವರೇ, ಮನಸ್ಸಿಟ್ಟು ಕಲಿಸಿದ್ದರು. ಫೆಬ್ರವರಿಯ ಒಂದು ವಾರ ನೀಲಿ ಗೆರೆ ಅರವತ್ತೆರಡಕ್ಕೆ ನಿಂತಿತು. ಹುರಿದ ಮೀನು, ಸೂಪು, ಹಾಲಿನ ಊಟ ಮುಗಿಸುವಷ್ಟರಲ್ಲಿ ಮಕ್ಕಳು ಕೂಡಿ ಕಳೆದು ಭಾಗಿಸಿಬಿಟ್ಟಿದ್ದರು. ಶಿಯೋರಿಯದು ಮೂವತ್ತೆರಡು. ಅವಳನ್ನು ಬಿಟ್ಟರೆ ಉಳಿದ ಐವರದು ಅರವತ್ತೆಂಟು.

ಶಿಯೋರಿ ನಿಧಾನ ಓದುವ ಹುಡುಗಿ. ಅಕ್ಷರಗಳು ಅವಳ ಕಣ್ಣಿಗೆ ಸಾಲಾಗಿ ನಿಲ್ಲುವುದಿಲ್ಲ. ತಾಯಿ ಇಲ್ಲ, ತಂದೆ ದೂರದ ಮೀನು ಹಡಗಿನಲ್ಲಿ. ಅವಳನ್ನು ಸಾಕುತ್ತಿರುವುದು ಅಜ್ಜಿ ಫುಸಾಯೆ. ತರಗತಿಯ ಮಕ್ಕಳು ಅವಳನ್ನು ಬೈಯಲಿಲ್ಲ. ಶಿಶುವಿಹಾರದಿಂದ ಒಟ್ಟಿಗೆ ಬೆಳೆದವರು. "ಪರವಾಗಿಲ್ಲ ಶಿಯೋರಿ, ಮುಂದಿನ ವಾರ ನೋಡೋಣ" ಎಂದರು. ಪ್ರತಿ ವಾರವೂ ಎಂದರು. ಒಂದು ದಿನ ಪಕ್ಕದ ಬೆಂಚಿನ ಹುಡುಗ ತಮಾಷೆಗೆ, "ನೀನು ದೊಡ್ಡ ಪರೀಕ್ಷೆ ದಿನ ಜ್ವರ ಬರಿಸ್ಕೊಂಬಿಡು, ನಾವು ಕೆಂಪು ಗೆರೆ ಹಾರ್ತೀವಿ" ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಶಿಯೋರಿಯೇ ನಕ್ಕಳಂತೆ.

ಏಪ್ರಿಲ್‌ನಲ್ಲಿ ಆರನೆಯ ತರಗತಿಗೆ ಕಾಲಿಟ್ಟ ಹೊಸದರಲ್ಲೇ, ಆ ದೇಶದ ಪರೀಕ್ಷೆಯ ಬೆಳಗ್ಗೆ ಅವಳಿಗೆ ಹೊಟ್ಟೆನೋವು ಬಂತು.

ಇಜುಮಿ ಅವತ್ತೂ ಬಟ್ಟೆ ಒಣಹಾಕುತ್ತಿದ್ದಳು. ಶಾಲೆಯ ಪುಟ್ಟ ಟ್ರಕ್ಕು ಬೇಲಿಗೆ ತಾಗುವಂತೆ ಬಂದು ನಿಂತಿತು. ಉರಕಾವಾ ಇಳಿದರು. ಪ್ರಶ್ನೆಪತ್ರಿಕೆಯ ಪೆಟ್ಟಿಗೆಯ ಬೀಗದ ಕೈ ಅವರ ಕೊರಳಲ್ಲೇ ನೇತಾಡುತ್ತಿತ್ತು. ಪೆಟ್ಟಿಗೆ ತೆಗೆಯಲು ಅವರು ಹಿಂದಿರುಗಲೇಬೇಕಿತ್ತು.

ಫುಸಾಯೆ ಅಜ್ಜಿ ಬಾಗಿಲಿಗೆ ಬಂದು ನಡು ಬಗ್ಗಿಸಿದರು. "ಹೊಟ್ಟೆನೋವಂತೆ ಮೇಷ್ಟ್ರೇ. ಸುಮ್ನೆ ನಿಮಗೆ ತೊಂದ್ರೆ."

"ಆಸ್ಪತ್ರೆಗೆ ಕರ್ಕೊಂಡು ಹೋಗೋಣ್ವಾ ಅಜ್ಜಿ?"

"ಅಂಥ ನೋವಲ್ಲ ಬಿಡಿ." ಅಜ್ಜಿ ದನಿ ತಗ್ಗಿಸಿದರು. "ನಾಳೆ ಬರೆದ್ರೂ ಆಗುತ್ತಂತಲ್ಲ. ನಾಳೆ ಬರೆದದ್ದು ಶಾಲೆ ಲೆಕ್ಕಕ್ಕೆ ಸೇರಲ್ವಂತೆ. ಎಲ್ರಿಗೂ ಒಳ್ಳೇದೇ ಅಲ್ವಾ? ಐದು ಮಕ್ಕಳು ಪಾಪ ಕಷ್ಟಪಟ್ಟಿವೆ."

ಅಷ್ಟರಲ್ಲಿ ಜಾರುಬಾಗಿಲ ಹಿಂದಿನಿಂದ ಶಿಯೋರಿಯ ದನಿ ಕೇಳಿತು. ಅಳು ಇರಲಿಲ್ಲ, ಪಾಠ ಒಪ್ಪಿಸುವ ದನಿ. "ಮೇಷ್ಟ್ರೇ, ನಾನು ಲೆಕ್ಕ ಮಾಡಿ ನೋಡಿದೀನಿ. ನಾನು ಬಂದ್ರೆ ಅರವತ್ತೆರಡು. ಬರ್ಲಿಲ್ಲ ಅಂದ್ರೆ ಅರವತ್ತೆಂಟು."

ಉರಕಾವಾ, "ಲೆಕ್ಕ ಸರಿಯಾಗಿದೆ" ಎಂದರು.

ಆಮೇಲೆ ಟ್ರಕ್ಕು ಹತ್ತಿದರು. ಅದನ್ನು ತಿರುಗಿಸುವಾಗ ಅವರು ಅಜ್ಜಿಯ ಈರುಳ್ಳಿ ಪಾತಿಯ ಮೇಲೆ ಚಕ್ರ ಹತ್ತಿಸಿದ್ದು ಅವರಿಗೆ ಗೊತ್ತಾಗಲೇ ಇಲ್ಲ. ಹುಲ್ಲಿನ ಎಸಳು ಬಾಗಿದರೂ ಗಮನಿಸುತ್ತಿದ್ದ ಮನುಷ್ಯ ಅವರು.

ಶಿಯೋರಿ ಮರುದಿನ ಒಬ್ಬಳೇ ಕೂತು ಬರೆದಳು. ಅಲ್ಲಿಗೆ ಮುಗಿದಿದ್ದರೆ ಇಜುಮಿ ಕೂಡ ಮರೆಯುತ್ತಿದ್ದಳೇನೋ. ಆದರೆ ವಾರದ ಪರೀಕ್ಷೆ ಇರುವುದು ಶುಕ್ರವಾರ. ಅಂದಿನಿಂದ ಪ್ರತಿ ಶುಕ್ರವಾರ ಹುಡುಗಿಗೆ ಹೊಟ್ಟೆನೋವು. ಉಳಿದ ದಿನ ನಗುತ್ತ ಹೋಗಿ ನಗುತ್ತ ಬರುತ್ತಾಳೆ. ಜೂನ್ ಹೊತ್ತಿಗೆ ಗುರುವಾರವೇ ಮಂಕಾಗತೊಡಗಿದಳು. ಉರಕಾವಾ ಶುಕ್ರವಾರ ಗೇಟು ತೆಗೆದು ನೇರ ಇಲ್ಲಿಗೆ ಬರುವುದು ರೂಢಿಯಾಯಿತು. ಬಾ ಎಂದು ಕರೆಯುವುದಿಲ್ಲ. ಒಂದಿಷ್ಟು ಹೊತ್ತು ಕೂತು, ಕೈಗೆ ಸಿಕ್ಕ ಕಳೆ ಕಿತ್ತು, ಗಂಟೆ ಹೊಡೆಯುವ ಮೊದಲು ಹೋಗುತ್ತಾರೆ.

ಅಜ್ಜಿಯೇ ಅವರನ್ನು ಕೆಣಕಿ ಮಾತಾಡಿಸುತ್ತಿದ್ದರು. "ಏನ್ ಮೇಷ್ಟ್ರೇ, ಅಂಗಿ ತೋಳು ಹರಿದಿದೆ. ಹೆಂಡ್ತಿ ನೋಡಿದ್ರೆ ದ್ವೀಪದಲ್ಲಿ ಸೂಜಿ ಸಿಗಲ್ಲ ಅನ್ಕೋತಾರೆ."

"ಸೂಜಿ ಇದೆ ಅಜ್ಜಿ, ದಾರ ಪೋಣಿಸೋಕೆ ಕಣ್ಣಿಲ್ಲ."

"ಬಿಚ್ಚಿ ಕೊಡಿ ಇತ್ಲಾಗೆ. ನನಗೆ ಎಪ್ಪತ್ತಾದ್ರೂ ಕಣ್ಣಿದೆ."

ಅಂಗಿ ಬಿಚ್ಚಿ ಕೊಟ್ಟು ಬನಿಯನ್ನಿನಲ್ಲಿ ಕೂತ ಉಪಮುಖ್ಯೋಪಾಧ್ಯಾಯರನ್ನು ನೋಡಿ ಬೀದಿಯಲ್ಲಿ ಹೋಗುವವರು ನಕ್ಕರು. ಬಾಗಿಲ ಹಿಂದೆಯೂ ಯಾರೋ ಕಿಸಕ್ಕೆಂದರು. ಬಾಗಿಲು ಮಾತ್ರ ತೆರೆಯಲಿಲ್ಲ.

ಜುಲೈ ಕೊನೆಗೆ ಫಲಿತಾಂಶ ಬಂತು. ಐದು ಮಕ್ಕಳ ಸರಾಸರಿ ಕೆಂಪು ಗೆರೆ ದಾಟಿತ್ತು. ಪಟ್ಟಣದ ಶಿಕ್ಷಣ ಕಚೇರಿಯಿಂದ ಮೆಚ್ಚುಗೆಯ ಫೋನು ಬಂತು. ಮಾರನೆಯ ದಿನ ಇಜುಮಿ ಕೆಲಸ ಮಾಡುವ ಮೀನುಗಾರರ ಸಂಘದ ಕಟ್ಟೆಗೆ ಉರಕಾವಾ ಬಂದರು. ಐಸು ಕೇಳಿದರು. ಐಸು ಕೊಟ್ಟ ಮೇಲೂ ಹೋಗಲಿಲ್ಲ.

"ಕೊಹಾರು ಅಮ್ಮ, ಒಂದು ನಿಮಿಷ ಪುರುಸೊತ್ತಿದೆಯಾ?"

"ಹಡಗು ಬರೋವರೆಗೂ ಇದೆ. ಕೂತ್ಕೊಳ್ಳಿ ಮೇಷ್ಟ್ರೇ, ಐಸು ಕರಗುತ್ತೆ, ನೆರಳಿಗಿಡಿ."

ಅವರು ಮೀನಿನ ಪೆಟ್ಟಿಗೆಯ ಮೇಲೆ ಕೂತರು. ಆ ಹಾಳೆ ತೆಗೆದುಬಿಡೋಣ, ಶುಕ್ರವಾರದ ಸರಾಸರಿ ಹೇಳುವುದು ನಿಲ್ಲಿಸೋಣ ಎಂದು ಮುಖ್ಯೋಪಾಧ್ಯಾಯರನ್ನು ಮೂರು ಸಲ ಕೇಳಿದ್ದರಂತೆ. ಊರೆಲ್ಲ ಮೆಚ್ಚಿದ್ದನ್ನು ಈಗ ಕಿತ್ತರೆ ಏನು ಕಾರಣ ಹೇಳುವುದು ಎಂದು ಮುಖ್ಯೋಪಾಧ್ಯಾಯರು ತಿರುಗಿ ಕೇಳಿದರಂತೆ. ರಜೆ ಮುಗಿದ ಮೇಲೆ ಐದನೆಯ ತರಗತಿಗೂ ಒಂದು ಹಾಳೆ ಬರುತ್ತದಂತೆ. ಅಲ್ಲಿ ನಾಲ್ಕೇ ಮಕ್ಕಳು. ಆಗಸ್ಟಿನಲ್ಲಿ ಬೇರೆ ಶಾಲೆಗಳವರ ಮುಂದೆ ಉರಕಾವಾ ಈ ವಿಧಾನವನ್ನು ವಿವರಿಸಬೇಕಂತೆ.

"ನಾನು ಹೇಳಿದ್ರೆ ಅದು ಮೇಲಿನವರಿಗೆ ಎದುರುತ್ತರ ಕೊಟ್ಟ ಹಾಗೆ" ಎಂದರು. "ಪೋಷಕರು ಹೇಳಿದ್ರೆ ಬರೆದಿಟ್ಟುಕೊಳ್ಳಲೇಬೇಕು. ಕಚೇರಿಗೂ ಕಳಿಸಬೇಕು."

"ಫುಸಾಯೆ ಅಜ್ಜಿ ಕೈಲಿ ಹೇಳಿಸೋಣ್ವಾ?"

"ಅವರು ಬಾಯಿ ಬಿಡಲ್ಲ. ತಮ್ಮ ಮೊಮ್ಮಗಳಿಂದ ಎಲ್ರಿಗೂ ತೊಂದ್ರೆ ಆಯ್ತು ಅಂತ ಇವತ್ತು ಬೆಳಗ್ಗೆಯೂ ನನ್ನ ಹತ್ರ ಕ್ಷಮೆ ಕೇಳಿದ್ರು."

ಇಜುಮಿ ಕೈಗವಸು ಕಳಚಿದಳು. "ಹೇಳಿದ್ರೆ ಆ ಹಾಳೆ ಅಂಟಿಸಿದ್ದು ಯಾರು ಅಂತ ಕೇಳ್ತಾರೆ. ನಿಮ್ಮ ಹೆಸರೇ ಬರುತ್ತೆ. ವಸಂತಕ್ಕೆ ಊರಿಗೆ ಹೋಗಬೇಕಲ್ವಾ ನೀವು?"

"ಹೆಂಡ್ತಿಗೆ ಫೋನ್ ಮಾಡಿ ಹೇಳಿದೆ. 'ಇಪ್ಪತ್ತೈದು ವರ್ಷ ನಿಮ್ಮ ಗೊರಕೆ ಕೇಳಿದೀನಿ, ಇನ್ನೊಂದೆರಡು ವರ್ಷ ನೆಮ್ಮದಿಯಾಗಿ ಮಲಗ್ತೀನಿ ಬಿಡಿ' ಅಂದ್ಲು." ಅವರು ನಗಲು ನೋಡಿದರು. "ಅಷ್ಟೇ ಹೇಳಿ ಫೋನ್ ಇಟ್ಬಿಟ್ಲು."

ಬಂದರಿನ ತುದಿಯಲ್ಲಿ ಹಡಗು ಕಾಣಿಸಿತು. ಉರಕಾವಾ ಎದ್ದು ನಿಂತು, ಕಟ್ಟೆಗೆ ಹಣೆ ತಾಗುವಷ್ಟು ಬಗ್ಗಿದರು.

"ಶನಿವಾರ ಪೋಷಕರ ಸಭೆ ಇದೆ. ಎಲ್ರ ಮುಂದೆ ಎದ್ದು ನಿಂತು, ಉರಕಾವಾ ಮಾಡಿದ್ದು ತಪ್ಪು, ಆ ಹಾಳೆ ತೆಗೀರಿ ಅಂತ ನನ್ನ ಮೇಲೆ ದೂರು ಕೊಡ್ತೀರಾ, ಕೊಹಾರು ಅಮ್ಮ?"