ಸಂಡಾಸಿನೊಳಗಿನ ಚಿರತೆ

ನಾನು ಚಿಕ್ಕವಳಿದ್ದಾಗ, ಅಂದರೆ ತೊಂಬತ್ತರ ದಶಕದಲ್ಲಿ, ನಮ್ಮ ಮನೆ ಠಾಣೆಯ ವಾಗ್ಳೆ ಎಸ್ಟೇಟಿನ ಹಿಂದೆ, ಗುಡ್ಡದ ಬುಡದ ಚಾಳಿನಲ್ಲಿತ್ತು. ಒಂದೇ ಕೋಣೆ, ಮೇಲೆ ತಗಡು. ಅಪ್ಪ ಫ್ಯಾಕ್ಟರಿಯಲ್ಲಿ ಮಾಲು ಹೊರುತ್ತಿದ್ದರೂ ಕಲಬುರಗಿಯ ರೈತತನ ಬಿಟ್ಟಿರಲಿಲ್ಲ. ಚಾಳಿನಲ್ಲಿದ್ದ ನಮ್ಮ ಕಡೆಯ ಹಲವರಂತೆ ನಾವೂ ಒಂದು ಆಡು ಸಾಕಿ, ಎಲ್ಲರಿಗೂ ಸೇರಿದ ದೊಡ್ಡಿಯಲ್ಲಿ ಕಟ್ಟುತ್ತಿದ್ದೆವು. ಅದೇ ಕೆಂಪಿ. ನನ್ನ ಕೈಯಿಂದಲೇ ತಿನ್ನುತ್ತಿದ್ದಳು, ಅಕ್ಕ ಸೊಪ್ಪು ಹಿಡಿದರೆ ಮುಖ ತಿರುಗಿಸುತ್ತಿದ್ದಳು. ನನಗೆಷ್ಟು ಜಂಬ ಅಂತೀರಿ!

ಒಂದು ಸಂಜೆ ಕೆಂಪಿ ಮೇವು ಮುಟ್ಟಲಿಲ್ಲ. ಬಾಯಿಂದ ಜೊಲ್ಲು, ನಾಲಿಗೆಯ ಮೇಲೆ ಹುಣ್ಣು, ನಡೆದರೆ ಕುಂಟು. ಕಾಲುಬಾಯಿ ಬೇನೆ! "ಎಲ್ಲಾ ಆಡಿಗೂ ಹತ್ತತದ, ದೊಡ್ಡಿಯಿಂದ ಹೊರಗ ಕಟ್ರಿ" ಎಂದು ಚಾಳಿನವರು ಹಟ ಹಿಡಿದರು. ಗುಡ್ಡದಿಂದ ಆಗಾಗ ಚಿರತೆ ಇಳಿಯುತ್ತಿತ್ತು. ಆದರೂ ಅಪ್ಪ ಒಪ್ಪಿ, ಚಾಳಿನಾಚೆ ಸೊಂಟದೆತ್ತರ ಮುಳ್ಳುಕಂಟಿ ಒಟ್ಟಿ, ಅದರ ನಡುವೆ ಕೆಂಪಿಯನ್ನು ಕಟ್ಟಿದ. ನಮ್ಮೂರ ಕಡೆ ತೋಳ ಬರದಂತೆ ಹೀಗೇ ಬೇಲಿ ಹಾಕುತ್ತಿದ್ದರು.

ಬೆಳಗ್ಗೆ ಓಡಿಹೋಗಿ ನೋಡಿದರೆ ಹಗ್ಗ ಹರಿದಿತ್ತು. ಬೇಲಿಯೊಳಗಿನ ಹಸಿ ಮಣ್ಣಿನಲ್ಲಿ ಚಿರತೆಯ ಹೆಜ್ಜೆ! ಹಾಲು ಹಾಕುವ ಮರಾಠಿ ಕಾಕಾ ಹಣೆ ಚಚ್ಚಿಕೊಂಡ. "ಅರೆ ಬಾಬಾ, ಹಾ ಲಾಂಡಗಾ ನಾಹೀ, ಬಿಬಟ್ಯಾ ಆಹೇ! ಉಡೀ ಮಾರತೋ!" ಇದು ತೋಳವಲ್ಲ, ಚಿರತೆ, ಹಾರುತ್ತದೆ ಎಂದ. ನಿಜ, ತೋಳವನ್ನು ತಡೆಯುವ ಬೇಲಿಯನ್ನು ಚಿರತೆ ಹಾರಿ ಬಂದಿತ್ತು. ಅಪ್ಪ ಹರಿದ ಹಗ್ಗದ ತುದಿ ಎತ್ತಿ ನೋಡಿದ. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಅಷ್ಟರಲ್ಲಿ, ಡಬ್ಬಿ ಹಿಡಿದು ಚಾಳಿನ ಸಂಡಾಸಿಗೆ ಹೋಗಿದ್ದ ಅವ್ವ ಕಿರುಚುತ್ತ ಓಡಿಬಂದಳು. "ಅಯ್ಯಯ್ಯೋ, ಲಗೂ ಬರ್ರಿ! ಸಂಡಾಸಿನಾಗ ಚಿರತಿ ಅದ! ಬಾಗ್ಲಾ ಒಳಗಿಂದ ದಬ್ಬಲಾಕತ್ತದ!"

ಗಂಡಸರೆಲ್ಲ ದೊಣ್ಣೆ, ಸಲಾಕೆ ಹಿಡಿದು ನಿಂತರು. ಒಳಕ್ಕೆ ತೆರೆಯುವ ಬಾಗಿಲು ಅದು. ಇವರು ನೂಕಿದಷ್ಟೂ ಒಳಗಿನಿಂದ ತಿರುಗಿ ನೂಕುತ್ತಿತ್ತು. ಕೊನೆಗೆ ಎಲ್ಲರೂ ಸೇರಿ ದಬ್ಬಿದಾಗ ಸಂದಿಯಿಂದ ಒಂದು ಮೂತಿ ಹೊರಬಂತು. "ಮ್ಯಾ..."

ಕೆಂಪಿ! ಮೈತುಂಬ ಮುಳ್ಳಿನ ಗೀರು, ಕೊರಳಲ್ಲಿ ತುಂಡು ಹಗ್ಗ. ಹಗ್ಗ ಹರಿದು, ಬೇಲಿ ಸೀಳಿ, ಸಂಡಾಸು ಹೊಕ್ಕು, ಬಾಗಿಲಿಗೆ ಒರಗಿ ಜೀವ ಉಳಿಸಿಕೊಂಡಿದ್ದಳು. ಅಬ್ಬಾ, ಹೋದ ಜೀವ ಬಂದಂತಾಯಿತು! ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆದರೆ ಅವಳ ಜೊಲ್ಲು ಕಂಡದ್ದೇ, ಚಿರತೆಗೆ ಎದೆಗೊಟ್ಟು ನಿಂತ ಅದೇ ಗಂಡಸರು ದಡಬಡ ಹಿಂದೆ ಸರಿದರು.

"ಚಿರತಿ ಒಂದನ್ನ ಒಯ್ತದ, ಈ ಬ್ಯಾನಿ ಎಲ್ಲಾನೂ ಒಯ್ತದ. ಹೊರಗೇ ಇರ್ಲಿ" ಎಂದರೊಬ್ಬರು.

ಅವ್ವ ಸೆರಗು ಬಿಗಿದಳು. "ನಿಮ್ಮ ಆಡಿನ ಹತ್ರ ಬರಂಗಿಲ್ಲ, ಚಿರತಿ ಬಾಯಿಗೂ ಹೋಗಂಗಿಲ್ಲ. ನಮ್ಮನ್ಯಾಗ ಇರ್ತದ."

ಕೋಣೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಮೋರಿಯ ಪಕ್ಕ ಕೆಂಪಿಗೆ ಗೋಣಿಚೀಲ ಹಾಸಿದೆವು. ಹುಣ್ಣು ಒಣಗಲೆಂದು ಅವ್ವ ಪಟಿಕ ಕರಗಿಸಿದ ನೀರಿನಿಂದ ಅವಳ ಬಾಯಿ ತೊಳೆದಳು. ಮನೆಯೆಲ್ಲ ಹಿಕ್ಕೆಯ ನಾತ! ಅಕ್ಕ ಮೂಗು ಮುಚ್ಚಿಕೊಂಡೇ ಉಂಡಳು. ಕೆಲವು ದಿನಗಳ ಮೇಲೆ ಕೆಂಪಿ ನನ್ನ ಕೈಯಿಂದ ಒಂದೆಲೆ ಕಿತ್ತು ಜಗಿದಾಗ ಅಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಮಕ್ಕಳೇ, ಈಗ ಅದೇ ಗುಡ್ಡದ ಬುಡದಲ್ಲಿ ನೀವಿರುವ ಬಹುಮಹಡಿ ಟವರ್ ಇದೆ. ಚಿರತೆಯನ್ನು ನೀವು ಮೊಬೈಲಿನಲ್ಲಿ ನೋಡಿ "ಕಿತ್ನಾ ಕ್ಯೂಟ್!" ಅನ್ನುತ್ತೀರಿ. ಜ್ವರ ಬಂದರೆ ನಿಮ್ಮನ್ನು ಬೇರೆ ಕೋಣೆಯಲ್ಲಿ ಮಲಗಿಸಿ ಬಾಗಿಲು ಮುಚ್ಚುತ್ತಾರೆ. ನಮ್ಮ ಒಂದೇ ಕೋಣೆಯಲ್ಲಿ ಆಗ ನಾವು ನಾಲ್ವರು, ಜೊತೆಗೆ ಕೆಂಪಿ. ಕಾಲು ಚಾಚಲೂ ಜಾಗವಿರಲಿಲ್ಲ. ಅಷ್ಟು ಚೆನ್ನಾಗಿ ನಾನು ಮತ್ತೆಂದೂ ನಿದ್ದೆ ಮಾಡಿಲ್ಲ.